ಉಪ್ಪಿನಗದ್ದೆಗೆ ನಾನು ಬರೆದ ಹನ್ನೆರಡು ಸೊನ್ನೆ

ಕೋವಿಡ್ ಗಲಾಟೆ ಮುಗಿದು ಲೋಕಲ್ ರೈಲುಗಳಲ್ಲಿ ಮತ್ತೆ ಕಾಲಿಡಲು ಜಾಗವಿಲ್ಲದಂತಾದ ಆ ವರ್ಷ ನಾನು ಠಾಣೆಯ ಒಂದು ಪರಿಸರ ಸಲಹಾ ಕಂಪನಿಯಲ್ಲಿ ಸೀನಿಯರ್ ಫೀಲ್ಡ್ ಇಕಾಲಜಿಸ್ಟ್ ಆಗಿದ್ದೆ. ಹುದ್ದೆಯ ಹೆಸರು ದೊಡ್ಡದು, ಕೆಲಸ ಸರಳ. ಯಾರಾದರೂ ಒಂದು ಜಾಗದಲ್ಲಿ ರಸ್ತೆಯನ್ನೋ ಗೋದಾಮನ್ನೋ ಕಟ್ಟಲು ಹೊರಟರೆ ಅಲ್ಲಿ ಯಾವ ಪ್ರಾಣಿ, ಯಾವ ಹಕ್ಕಿ, ಯಾವ ಗಿಡ ಇದೆ ಎಂದು ಮೊದಲೇ ಹೋಗಿ ನೋಡಬೇಕು, ಎಣಿಸಬೇಕು, ಬರೆದು ಸಹಿ ಹಾಕಬೇಕು. ಆ ಸಹಿಯ ಮೇಲೆ ಮುಂದಿನವರು ತೀರ್ಮಾನ ಮಾಡುತ್ತಾರೆ. ಇಪ್ಪತ್ತಾರು ವರ್ಷ ಇದನ್ನೇ ಮಾಡಿದ್ದೆ. ನನ್ನ ಎಣಿಕೆಯ ಮೇಲೆ ನನಗೆ ಸ್ವಲ್ಪ ಜಂಬವೂ ಇತ್ತು ಎಂಬುದನ್ನು ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ.

ನಮ್ಮದು ಉಡುಪಿ ಕಡೆಯ ಕುಟುಂಬ. ಅಪ್ಪ ಡೊಂಬಿವ್ಲಿ ಸ್ಟೇಷನ್ ಹೊರಗಿನ ಒಂದು ಹೋಟೆಲಿನಲ್ಲಿ ಮ್ಯಾನೇಜರ್ ಆಗಿದ್ದರು. ಹೋಟೆಲಿನಲ್ಲಿ ಕಟ್ಟಾ ಸಸ್ಯಾಹಾರ, ಮನೆಯಲ್ಲಿ ದಿನಾ ಮೀನು. ಭಾನುವಾರ ಅಪ್ಪ ಖಾಡಿಯ ದಂಡೆಗೆ ಹೋಗಿ ಮೀನು ತರುವಾಗ ನಾನೂ ಹಿಂದೆ ಹೋಗುತ್ತಿದ್ದೆ. ಖಾಡಿ ಎಂದರೆ ಸಮುದ್ರ ಒಳನಾಡಿಗೆ ನಾಲಿಗೆ ಚಾಚಿದಂತಿರುವ ಉಪ್ಪುನೀರಿನ ಹರವು. ಠಾಣೆ, ಮುಂಬ್ರಾ, ಡೊಂಬಿವ್ಲಿ, ನವಿ ಮುಂಬೈ ಎಲ್ಲದರ ಹಿತ್ತಲು ಅದೇ. ದಿನಕ್ಕೆ ಎರಡು ಸಲ ಉಬ್ಬರ ಬಂದು ನೀರು ತುಂಬುತ್ತದೆ, ಎರಡು ಸಲ ಇಳಿದು ಕೆಸರು ತೆರೆದುಕೊಳ್ಳುತ್ತದೆ. ಆ ಕೆಸರಿನ ಮೇಲಿನ ಹಕ್ಕಿ ನೋಡುತ್ತಲೇ ನಾನು ಈ ವೃತ್ತಿಗೆ ಬಿದ್ದೆ.

ಆ ಅಕ್ಟೋಬರಿನಲ್ಲಿ ನನ್ನ ಮೇಜಿಗೆ ಬಂದ ಫೈಲು ನವಿ ಮುಂಬೈ ಕಡೆಯ ದಂಡೆಯದು. ಊರಿನ ಹೆಸರು ಬೇಡ, ವಿಷಯ ಇನ್ನೂ ಹಸಿಯಾಗಿದೆ. ಸುಮಾರು ನಲವತ್ತು ಎಕರೆಯ ಹಳೇ ಉಪ್ಪಿನಗದ್ದೆ. ಉಪ್ಪು ತೆಗೆಯುವುದು ನಿಂತು ಎಷ್ಟೋ ವರ್ಷವಾಗಿತ್ತು. ಸುತ್ತ ಒಡ್ಡಿನಂತೆ ಎತ್ತರಿಸಿದ ಮಣ್ಣಿನ ಬಂಡು, ಒಳಗೆ ಪಾದ ಮುಳುಗುವಷ್ಟು ಉಪ್ಪುನೀರು, ಅಲ್ಲಲ್ಲಿ ಕೆಸರಿನ ದಿಬ್ಬ, ಆಚೆ ಉಪ್ಪುನೀರಿನಲ್ಲೇ ಬೆಳೆಯುವ ಕಾಂಡ್ಲಾ ಗಿಡಗಳ ಸಾಲು, ಅದರಾಚೆ ಖಾಡಿ. ಅದನ್ನು ಮಣ್ಣು ತುಂಬಿ ಟ್ರಕ್ ಟರ್ಮಿನಲ್ ಮಾಡುವ ಯೋಜನೆ. ನಾಲ್ಕೂ ಋತುಗಳಲ್ಲಿ, ತಿಂಗಳಿಗೊಂದು ಸಲದಂತೆ ಹನ್ನೆರಡು ಭೇಟಿ ಮಾಡಿ ವನ್ಯಜೀವಿ ವರದಿ ಕೊಡಬೇಕಿತ್ತು. ವರದಿಯಲ್ಲಿ ಒಂದು ಖಾನೆ ಎಲ್ಲಕ್ಕಿಂತ ಮುಖ್ಯ: ಗುಂಪಾಗಿ ತಂಗುವ ವಲಸೆ ಹಕ್ಕಿಗಳು ಎಷ್ಟು. ಅಲ್ಲಿ ನೂರರ ಲೆಕ್ಕ ಬಂದರೆ ಜಾಗಕ್ಕೆ ರಕ್ಷಣೆ ಸಿಗುವ ಸಾಧ್ಯತೆ ಇತ್ತು, ಸೊನ್ನೆ ಬಂದರೆ ಲಾರಿ ಬರುತ್ತಿತ್ತು.

ಆ ಬಂಡಿನ ಮೇಲೆ ಹೊಸಬರು ಒಬ್ಬರೇ ಓಡಾಡುವಂತಿರಲಿಲ್ಲ. ಮೇಲೆ ಒಣಗಿದಂತೆ ಕಾಣುವ ಕೆಸರು ಸೊಂಟದವರೆಗೆ ಎಳೆದುಕೊಳ್ಳುತ್ತದೆ. ಹಾಗಾಗಿ ದಾರಿ ತೋರಿಸಲು ಪದ್ಮಾಕರ್ ಎಂಬ ಸ್ಥಳೀಯ ಮೀನುಗಾರನನ್ನು ಹಿಡಿದೆ. ಐವತ್ತು ದಾಟಿದ ಗಟ್ಟಿ ಆಳು, ಉಪ್ಪು ಮತ್ತು ಮೀನಿನ ಕಸುಬಿನ ಆಗರಿ ಜನ. ಖಾಡಿಯಲ್ಲಿ ಕಂಬ ಹುಗಿದು ಬಲೆ ಕಟ್ಟುತ್ತಿದ್ದ. ಉಪ್ಪಿನಗದ್ದೆಯ ಬಂಡಿನಲ್ಲಿ ಒಂದು ಕಿಂಡಿ ಇತ್ತು, ಮಳೆಗಾಲದಲ್ಲಿ ಅಲ್ಲಿ ಬುಟ್ಟಿ ಇಟ್ಟು ಸೀಗಡಿ, ಏಡಿ ಹಿಡಿಯುತ್ತಿದ್ದ. ಅಜ್ಜನ ಕಾಲದಿಂದ ಆ ಕಿಂಡಿ ಅವನ ಮನೆಯವರದ್ದೇ. ಟರ್ಮಿನಲ್ ಬಂದರೆ ಅದೂ ಹೋಗುತ್ತಿತ್ತು. ಮುಂಬೈ ಕಡೆ ಹೋಟೆಲಿನವರನ್ನೆಲ್ಲ ಅಣ್ಣಾ ಅನ್ನುವ ರೂಢಿಯಂತೆ ನನ್ನನ್ನೂ ಅವನು ಅಣ್ಣಾ ಎಂದೇ ಕರೆದ. ನನಗೆ ದೋಸೆ ತಿರುವಿ ಹಾಕಲೂ ಬರುವುದಿಲ್ಲ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ.

ನಮ್ಮ ಏರ್ಪಾಡು ಸರಳವಾಗಿತ್ತು. ತಿಂಗಳಿಗೊಮ್ಮೆ ಪದ್ಮಾಕರ್ ಫೋನ್ ಮಾಡುತ್ತಿದ್ದ. “ಅಣ್ಣಾ, ಬರುವ ಮಂಗಳವಾರ ನನಗೆ ಸುಟ್ಟಿ. ಬನ್ನಿ.” ಸುಟ್ಟಿ ಎಂದರೆ ರಜೆ. ನಾನು ಡೊಂಬಿವ್ಲಿಯಿಂದ ಲೋಕಲ್ ಹಿಡಿದು ಠಾಣೆಯಲ್ಲಿ ಇಳಿಯುತ್ತಿದ್ದೆ. ಅಲ್ಲಿಂದ ಕಂಪನಿಯ ಜೀಪು ಹತ್ತು ಗಂಟೆಗೆ ಬಂಡಿನ ಬುಡಕ್ಕೆ ಬಿಡುತ್ತಿತ್ತು. ಹತ್ತರಿಂದ ಒಂದರವರೆಗೆ ಎಣಿಕೆ. ಸಂಜೆಗೆ ಜೀಪು ಬೇರೆ ತಂಡಕ್ಕೆ ಬೇಕು, ಹಾಗಾಗಿ ಎರಡು ಗಂಟೆಯೊಳಗೆ ವಾಪಸ್. ಇಷ್ಟು ನಿಯಮಿತವಾಗಿ ಕೈಗೆ ಸಿಗುವ ಗೈಡನ್ನು ನಾನು ಅದುವರೆಗೆ ನೋಡಿರಲಿಲ್ಲ. ಆಫೀಸಿನಲ್ಲಿ ಎಲ್ಲರೆದುರು ಅವನನ್ನು ಹೊಗಳಿದ್ದೂ ಇದೆ.

ಅಕ್ಟೋಬರಿನ ಭೇಟಿಯಲ್ಲಿ ಗದ್ದೆಯೊಳಗೆ ಬೆಳ್ಳಕ್ಕಿ, ಮಿಂಚುಳ್ಳಿ, ಕಾಗೆ ಸಿಕ್ಕವು. ಗುಂಪಾಗಿ ತಂಗುವ ವಲಸೆ ಹಕ್ಕಿ ಇರಲಿಲ್ಲ. ಫಾರ್ಮಿನಲ್ಲಿ ಖಾನೆ ಖಾಲಿ ಬಿಟ್ಟರೆ ಟ್ಯಾಬ್ ಮುಂದಕ್ಕೆ ಹೋಗುತ್ತಿರಲಿಲ್ಲ, ಸೊನ್ನೆ ಒತ್ತಿದೆ. ನವೆಂಬರಿನಲ್ಲಿ, ಡಿಸೆಂಬರಿನಲ್ಲಿ ಕೂಡ ಸೊನ್ನೆ. ಆದರೆ ಆಚೆ ಖಾಡಿಯ ಕೆಸರಿನ ಮೇಲೆ ನೋಡಿದರೆ ಹಕ್ಕಿಗಳ ಜಾತ್ರೆ. ಸೈಬೀರಿಯಾ ಕಡೆಯಿಂದ ಬರುವ ಉದ್ದ ಕೊಕ್ಕಿನ ಗಾಡ್‌ವಿಟ್, ಅಂಗೈಯಲ್ಲಿ ಹಿಡಿಯುವಷ್ಟಿರುವ ಸ್ಟಿಂಟ್, ಬಾಗಿದ ಕೊಕ್ಕಿನ ಸ್ಯಾಂಡ್‌ಪೈಪರ್ ಎಲ್ಲವೂ ಕೆಸರು ಕೆದಕುತ್ತ ನಿಂತಿರುತ್ತಿದ್ದವು. ದುರ್ಬೀನಿನಲ್ಲಿ ಕಾಣುತ್ತಿದ್ದವು, ಆದರೆ ಯೋಜನೆಯ ಗಡಿಯ ಹೊರಗೆ. ಗಡಿಯ ಹೊರಗಿನದನ್ನು ಎಣಿಸಿದರೂ ಮುಖ್ಯ ಖಾನೆಗೆ ಸೇರಿಸುವಂತಿಲ್ಲ. ಹಕ್ಕಿಗಳಿಗೆ ಖಾಡಿ ಸಾಕು, ಈ ಗದ್ದೆ ಬೇಕಿಲ್ಲ ಎಂದು ನಾನು ಮನಸ್ಸಿನಲ್ಲೇ ತೀರ್ಮಾನಿಸಿಬಿಟ್ಟೆ.

ಋತುಗಳು ಸರಿಯುತ್ತ ಹೋದವು. ಜನವರಿಯಲ್ಲಿ ಖಾಡಿಯ ಆಚೆ ದಡದುದ್ದಕ್ಕೂ ಫ್ಲೆಮಿಂಗೊಗಳ ಗುಲಾಬಿ ಗೆರೆ ಬಿತ್ತು. ಮಾರ್ಚಿನಲ್ಲಿ ಗದ್ದೆಯ ನೀರು ಸುಡತೊಡಗಿ ದಿಬ್ಬಗಳ ಅಂಚಿಗೆ ಬಿಳಿ ಉಪ್ಪು ಕಟ್ಟಿತು. ಏಪ್ರಿಲ್ ಹೊತ್ತಿಗೆ ಗಾಡ್‌ವಿಟ್‌ಗಳ ಬೂದು ಕುತ್ತಿಗೆ ಇಟ್ಟಿಗೆ ಬಣ್ಣಕ್ಕೆ ತಿರುಗಿತು, ಊರಿಗೆ ಹೊರಡುವ ಮುಂಚಿನ ಸಿಂಗಾರ ಅದು. ಮೇ ಕೊನೆಗೆ ಕೆಸರು ಖಾಲಿಯಾಯಿತು. ಜೂನಿನ ಮಳೆಗೆ ಬಂಡಿನ ಬುಡದಲ್ಲಿ ಕಣ್ಣು ಮೇಲಕ್ಕಿಟ್ಟುಕೊಂಡು ಕುಪ್ಪಳಿಸುವ ಕೆಸರುಮೀನು, ಒಂದೇ ಕೆಂಪು ಕೊಂಬನ್ನು ಬೀಸುವ ಪುಟ್ಟ ಏಡಿಗಳು ಹೊರಬಂದವು. ಪದ್ಮಾಕರ್ ತನ್ನ ಕಿಂಡಿಗೆ ಬುಟ್ಟಿ ಇಟ್ಟು ಸಿಕ್ಕ ಸೀಗಡಿಯಲ್ಲಿ ಒಂದು ಪಾಲು ನನ್ನ ಚೀಲಕ್ಕೂ ಹಾಕಿದ. ನಾನು ಎಲ್ಲವನ್ನೂ ಬರೆದುಕೊಂಡೆ. ಮುಖ್ಯ ಖಾನೆಯಲ್ಲಿ ಮಾತ್ರ ಪ್ರತಿ ತಿಂಗಳೂ ಸೊನ್ನೆ.

ಹನ್ನೆರಡನೇ ಭೇಟಿ ಸೆಪ್ಟೆಂಬರಿನಲ್ಲಿ. ಎಣಿಕೆ ಮುಗಿಸಿ ಬಂಡಿನ ಮೇಲೆ ಕೂತು ಹೆಂಡತಿಗೆ ಫೋನ್ ಮಾಡುತ್ತಿದ್ದೆ. ಮನೆಯಲ್ಲಿ ನಮ್ಮ ಮಾತು ತುಳು, ಆದರೆ ಬೆಂಗಳೂರಿನಲ್ಲೇ ಬೆಳೆದ ಅವಳ ತಂಗಿಯ ಮಗಳು ಬಂದಿದ್ದಳು, ಆಕೆಯ ಜೊತೆ ಕನ್ನಡದಲ್ಲಿ ಎರಡು ಮಾತಾಡಿದೆ. ಫೋನ್ ಇಟ್ಟು ನೋಡಿದರೆ ತಗಡಿನ ಶೆಡ್ಡಿನ ಮುಂದೆ ಒಬ್ಬಳು ಹೆಂಗಸು ನಗುತ್ತ ನಿಂತಿದ್ದಾಳೆ. ಗದ್ದೆಯ ಕಾವಲಿಗೆ ಇಟ್ಟಿದ್ದ ವಾಚ್‌ಮನ್‌ನ ಹೆಂಡತಿ, ಹೆಸರು ಮಹಾದೇವಿ. ಗಂಡ ಇಲ್ಲಿ ಕಾವಲು, ಇವಳು ಹತ್ತಿರದ ಕಟ್ಟಡಗಳಲ್ಲಿ ಇಟ್ಟಿಗೆ ಹೊರುವ ಕೆಲಸ. ಆ ದಿನ ಜ್ವರವೆಂದು ಮನೆಯಲ್ಲಿದ್ದಳು. ವರ್ಷವಿಡೀ ಆ ಶೆಡ್ಡಿನ ಮುಂದೆ ಓಡಾಡಿದ್ದರೂ ನಾನು ಅವಳನ್ನು ನೋಡಿದ್ದು ಅದೇ ಮೊದಲು.

“ಕನ್ನಡದವ್ರೇನ್ರೀ ಸರ? ನಮ್ದು ಅಫಜಲಪುರ ಕಡಿ. ತಿಂಗಳಾ ತಿಂಗಳಾ ಬರ್ತೀರಂತ ನಮ್ ಮನ್ಯಾವ್ರು ಹೇಳ್ತಿದ್ರು. ಏನ್ ನೋಡ್ಲಿಕ್ಕಿ ಬರ್ತೀರಿ?”

ಹಕ್ಕಿ ಎಣಿಸಲು ಎಂದೆ. ಅವಳು ಸೆರಗು ಬಾಯಿಗೆ ಹಿಡಿದು ನಕ್ಕಳು.

“ಹಕ್ಕಿ ಇಲ್ಲದ ದಿನಾನೇ ನೋಡಿ ಬರ್ತೀರಲ್ರೀ! ಅಮಾಸಿಗಿ ಬರ್ರಿ. ಅಮಾಸಿಗಿ ನಮ್ ಗಾರಿ ಕೆಲಸಕ್ಕ ಸೂಟಿ ಇರ್ತದ, ನಾ ಇಲ್ಲೇ ಕುಂತಿರ್ತೀನಿ. ಮಧ್ಯಾನ ಊಟದ ಹೊತ್ತಿಗಿ ಈ ಕೆರಿ ತುಂಬ ಕುಂತಿರ್ತಾವ. ರೊಟ್ಟಿ ಬಡಿಯೂ ಸಪ್ಪಳಕ್ಕೂ ಏಳಂಗಿಲ್ಲ.”

ಈಗ ನೆನೆದರೆ ನನ್ನ ಮೇಲೆ ನನಗೇ ಹೇಸಿಗೆ ಆಗುತ್ತದೆ. ನಾನು ದೊಡ್ಡ ಮನುಷ್ಯನ ಹಾಗೆ ತಲೆಯಾಡಿಸಿ, “ಹೌದಾ ತಾಯಿ, ನೋಡೋಣ” ಎಂದು ಜೀಪು ಹತ್ತಿದೆ. ಕೆರೆಯಲ್ಲಿ ಬೆಳ್ಳಕ್ಕಿ ಕೂತಿದ್ದನ್ನು ಕಂಡಿರಬೇಕು ಎಂದುಕೊಂಡೆ. ವರದಿಯ ಗಡುವು ಕುತ್ತಿಗೆಗೆ ಬಂದಿತ್ತು. ನಾಲ್ಕನೆಯ ದಿನ ಸಹಿ ಹಾಕಿದೆ. “ಹನ್ನೆರಡು ತಿಂಗಳ ಸಮೀಕ್ಷೆಯಲ್ಲಿ ಯೋಜನಾ ಪ್ರದೇಶದೊಳಗೆ ಗುಂಪಾಗಿ ತಂಗುವ ವಲಸೆ ಹಕ್ಕಿಗಳು ಕಂಡುಬಂದಿಲ್ಲ.” ವಾಕ್ಯ ನನ್ನದೇ.

ಸಹಿ ಹಾಕಿದ ಮೇಲೆ ಅವಳ ನಗು ಕಿವಿಯಲ್ಲಿ ಕೊರೆಯತೊಡಗಿತು. ಮಹಾಲಯ ಅಮಾವಾಸ್ಯೆಯ ದಿನ, ಮನೆಯಲ್ಲಿ ಹಿರಿಯರಿಗೆ ಎಡೆ ಇಡುವ ಹೊತ್ತಿಗೆ, ಈಗ ಬಂದೆ ಎಂದು ಹೇಳಿ ಹೊರಟೆ. ಹೆಂಡತಿಯಿಂದ ಬೈಸಿಕೊಂಡಿದ್ದನ್ನು ಇಲ್ಲಿ ಬರೆಯುವುದಿಲ್ಲ. ಹನ್ನೊಂದೂವರೆಗೆ ಬಂಡಿನ ಮೇಲಿದ್ದೆ. ಗದ್ದೆ ಎಂದಿನಂತೆ ಖಾಲಿ. ಖಾಡಿಯಲ್ಲಿ ನೀರು ಮಾತ್ರ ನಾನು ಆ ವರ್ಷ ಅಲ್ಲಿ ನೋಡದಷ್ಟು ಮೇಲೆ ಬರುತ್ತಿತ್ತು. ಕೆಸರಿನ ಕೊನೆಯ ಪಟ್ಟಿ ಮುಳುಗುತ್ತಿದ್ದಂತೆ ಅದರ ಮೇಲಿದ್ದ ಹಕ್ಕಿಗಳೆಲ್ಲ ಒಟ್ಟಿಗೆ ಎದ್ದವು. ಕಾಂಡ್ಲಾ ಸಾಲನ್ನು ದಾಟಿ, ನನ್ನ ತಲೆಯ ಮೇಲೆ ಒಂದು ಸುತ್ತು ಹಾಕಿ, ಉಪ್ಪಿನಗದ್ದೆಯ ಒಳಗೆ ಇಳಿದವು. ಹಿಂದೆ ಇನ್ನೊಂದು ಗುಂಪು, ಅದರ ಹಿಂದೆ ಮತ್ತೊಂದು. ಹನ್ನೆರಡೂ ಕಾಲಿಗೆ ದಿಬ್ಬಗಳ ಮೇಲೆ ಮಣ್ಣು ಕಾಣುತ್ತಿರಲಿಲ್ಲ. ಮೂರು ಸಲ ಎಣಿಸಿದೆ. ಒಂದು ಸಾವಿರದ ನಾನೂರ ಅರವತ್ತು.

ಮಹಾದೇವಿ ಶೆಡ್ಡಿನ ಬಾಗಿಲಲ್ಲಿ ಕೂತು ನನ್ನನ್ನೇ ನೋಡುತ್ತಿದ್ದಳು. “ಬಂದೂವಲ್ರೀ ಸರ?” ಎಂದಳು.

ಆದದ್ದೇನೆಂದು ಹೇಳುತ್ತೇನೆ. ಹುಣ್ಣಿಮೆ, ಅಮಾವಾಸ್ಯೆಗಳ ಹತ್ತಿರ ಉಬ್ಬರ ದೊಡ್ಡದು, ಖಾಡಿ ಅಂಚಿನವರೆಗೆ ತುಂಬುತ್ತದೆ. ಈ ಭಾಗದಲ್ಲಿ ಆ ದಿನಗಳ ತುಂಬು ಉಬ್ಬರ ನಡುಮಧ್ಯಾಹ್ನದ ಆಸುಪಾಸಿಗೆ. ಇಲ್ಲಿನವರು ಇದಕ್ಕೆ ಉಧಾಣ್ ಎನ್ನುತ್ತಾರೆ. ಅಷ್ಟಮಿಯ ಹತ್ತಿರದ ದಿನಗಳಲ್ಲಿ ಉಬ್ಬರ ಸಣ್ಣದು, ಅದೂ ಬೆಳಗ್ಗೆ ಸಂಜೆಗೆ ಸರಿದಿರುತ್ತದೆ. ಮಧ್ಯಾಹ್ನ ನೋಡಿದರೆ ಇಳಿತ, ಕೆಸರೆಲ್ಲ ತೆರೆದಿರುತ್ತದೆ. ಹಕ್ಕಿಗಳು ತಿನ್ನುವುದು ಖಾಡಿಯ ಕೆಸರಿನಲ್ಲಿ. ಆ ಕೆಸರು ಪೂರ್ತಿ ಮುಳುಗಿದಾಗ ಮಾತ್ರ ಕಾಲೂರಲು ಅವಕ್ಕೆ ಈ ಗದ್ದೆ ಬೇಕು. ದೊಡ್ಡ ಉಬ್ಬರದ ಎರಡು ಗಂಟೆ ಇಲ್ಲಿ ನಿಂತು ದಣಿವಾರಿಸಿಕೊಳ್ಳುವುದು, ನೀರಿಳಿದ ಮೇಲೆ ವಾಪಸ್ ಹೋಗುವುದು. ಉಳಿದ ಹೊತ್ತಿನಲ್ಲಿ ಬಂದು ನೋಡಿದವರಿಗೆ ಇದೊಂದು ಪಾಳುಗದ್ದೆ.

ಇನ್ನು ಪದ್ಮಾಕರ್. ಕಂಬದ ಬಲೆಗೆ ನೀರಿನ ಸೆಳೆತ ಬೇಕು. ಉಧಾಣದ ದಿನಗಳಲ್ಲಿ ಅವನಿಗೆ ಉಸಿರಾಡಲು ಪುರುಸೊತ್ತಿರುವುದಿಲ್ಲ. ಅಷ್ಟಮಿಯ ಆಸುಪಾಸು ಸೆಳೆತವಿಲ್ಲ, ಬಲೆ ಕಟ್ಟುವುದಿಲ್ಲ, ಅವೇ ಅವನ ಸುಟ್ಟಿ. ಆ ಸುಟ್ಟಿಯ ದಿನಗಳನ್ನೇ ಹನ್ನೆರಡು ತಿಂಗಳೂ ಅವನು ನನಗೆ ಕೊಟ್ಟಿದ್ದ. ಹಕ್ಕಿ ಬರುವ ದಿನ ಅವನು ಖಾಡಿಯ ನಡುವೆ, ನಾನು ಆಫೀಸಿನಲ್ಲಿ. ಇಬ್ಬರೂ ಬಿಡುವಾಗಿದ್ದ ದಿನ ಹಕ್ಕಿಗಳು ಬೇರೆ ಕಡೆ. ಕರಾವಳಿಯ ಮಗ ನಾನು, ಉಬ್ಬರ ಇಳಿತದ ಕೋಷ್ಟಕ ನನ್ನ ಮೊಬೈಲಿನಲ್ಲೇ ಇತ್ತು. ಎಣಿಕೆಯ ದಿನ ಅದನ್ನು ತೆರೆದು ನೋಡುವ ಅಗತ್ಯ ನನಗೆ ಕಾಣಲಿಲ್ಲ, ಏಕೆಂದರೆ ಗೈಡ್ ಸಿಕ್ಕಿದ್ದ, ಜೀಪು ಸಿಕ್ಕಿತ್ತು. ಇಪ್ಪತ್ತಾರು ವರ್ಷದ ಅನುಭವಕ್ಕೆ ಬೆಂಕಿ ಹಾಕಬೇಕು ಅನ್ನಿಸಿತು.

ಮರುದಿನ ಬೆಳಗ್ಗೆ ನಮ್ಮ ಡೈರೆಕ್ಟರ್ ಮೇಡಂ ಎದುರು ಕೂತೆ. ಕೆಟ್ಟವರಲ್ಲ, ಕೆಲಸ ಬಲ್ಲವರು. ಫೋಟೊ ನೋಡಿದರು, ಲೆಕ್ಕ ನೋಡಿದರು, ಕನ್ನಡಕ ತೆಗೆದಿಟ್ಟರು.

“ವರದಿ ನಿನ್ನೆಯೇ ಹೋಯಿತು. ಹನ್ನೆರಡು ದಿನದ ಲೆಕ್ಕ ಒಂದು ಕಡೆ, ಒಂದು ದಿನದ್ದು ಇನ್ನೊಂದು ಕಡೆ. ಅಮಾವಾಸ್ಯೆಗೆ ಬನ್ನಿ ಎಂದು ವಾಚ್‌ಮನ್ ಹೆಂಡತಿ ಹೇಳಿದಳು, ಹೋಗಿ ನೋಡಿದೆ ಅಂತ ಬರೆಯಲೇ?”

“ಹಾಗೆಯೇ ಬರೆಯಿರಿ ಮೇಡಂ. ಸತ್ಯ ಅದೇ.”

“ಹನ್ನೆರಡು ದಿನವನ್ನು ಆರಿಸಿದ್ದು ಯಾರು?”

ಕೊನೆಗೆ ಅವರು ಒಂದು ಉಪಾಯ ಹೇಳಿದರು. ಇನ್ನೂ ಕೆಲವು ಉಧಾಣದ ದಿನಗಳ ಲೆಕ್ಕ ತಂದರೆ ಪೂರಕ ಟಿಪ್ಪಣಿಯಾಗಿ ಸೇರಿಸಬಹುದು, ಆದರೆ ಕೆಲಸದ ಅವಧಿ ಮುಗಿದಿದ್ದರಿಂದ ರಜೆ ಹಾಕಿ ಹೋಗಬೇಕು. ಹೋದೆ. ಮುಂದಿನ ಎರಡು ತಿಂಗಳಲ್ಲಿ ನಾಲ್ಕು ಉಧಾಣ, ನಾಲ್ಕು ಸಲವೂ ರಜೆ. ಒಂದೊಂದು ಸಲ ಒಂದೊಂದು ಲೆಕ್ಕ ಬಂತು, ಸಾವಿರಕ್ಕೆ ಕಡಿಮೆ ಒಮ್ಮೆಯೂ ಬರಲಿಲ್ಲ. ಗಂಟೆ, ನೀರಿನ ಎತ್ತರ, ಫೋಟೊ ಎಲ್ಲ ಜೋಡಿಸಿ ಹನ್ನೊಂದು ಪುಟದ ಟಿಪ್ಪಣಿ ಬರೆದೆ. ಅದನ್ನು ಸೇರಿಸಿದರು. ಮುನ್ನೂರು ಪುಟದ ವರದಿಯ ಹಿಂಬದಿಗೆ, ಮಣ್ಣು ಪರೀಕ್ಷೆ ಮತ್ತು ಗಾಳಿಯ ದಿಕ್ಕಿನ ನಕ್ಷೆಗಳ ನಂತರ, ಒಂಬತ್ತನೇ ಅನುಬಂಧವಾಗಿ. ಮೊದಲ ಪುಟದ ಸಾರಾಂಶದಲ್ಲಿ ನನ್ನ ಹಳೇ ವಾಕ್ಯ ಒಂದಕ್ಷರವೂ ಬದಲಾಗದೆ ಉಳಿಯಿತು. ಅದನ್ನು ಬದಲಿಸಿ ಎಂದು ಪತ್ರ ಬರೆದೆ, ಮೇಲ್ ಕಳಿಸಿದೆ, ಮೀಟಿಂಗಿನಲ್ಲಿ ಗಂಟಲು ಹರಿದುಕೊಂಡೆ. ಬದಲಿಸಲು ಅವಕಾಶವಿಲ್ಲ, ಅನುಬಂಧ ಇದೆಯಲ್ಲ ಎಂಬುದು ಎಲ್ಲ ಕಡೆಯಿಂದಲೂ ಬಂದ ಉತ್ತರ.

ಸಾರ್ವಜನಿಕ ವಿಚಾರಣೆ ಫೆಬ್ರವರಿಯಲ್ಲಿ, ಊರಿನ ಮಂಗಲ ಕಾರ್ಯಾಲಯದಲ್ಲಿ ನಡೆಯಿತು. ಯೋಜನೆಯ ಬಗ್ಗೆ ಊರವರ ಆಕ್ಷೇಪ ಕೇಳುವ ಸಭೆ. ಹಿಂದಿನ ದಿನದ ಮದುವೆಯ ಹೂವಿನ ಕಮಾನು ಇನ್ನೂ ಬಿಚ್ಚಿರಲಿಲ್ಲ, ಅದರ ಕೆಳಗೆ ಅಧಿಕಾರಿಗಳು ಕೂತಿದ್ದರು. ಯೋಜನೆಯ ಕಡೆಯವರು ಪರದೆಯ ಮೇಲೆ ನನ್ನ ವಾಕ್ಯವನ್ನು ದೊಡ್ಡ ಅಕ್ಷರದಲ್ಲಿ ತೋರಿಸಿ ಓದಿದರು. ಅನುಬಂಧದ ಸುದ್ದಿ ಎತ್ತಲಿಲ್ಲ.

ಪದ್ಮಾಕರ್ ಎದ್ದು ನಿಂತ. ಆ ದಿನ ಉಧಾಣ, ಬಲೆ ಬಿಟ್ಟು ಬಂದಿದ್ದ.

“ಸುಳ್ಳು ಸಾಹೇಬ್. ನೀರು ತುಂಬಿದಾಗ ಹಕ್ಕಿ ಎಲ್ಲ ಗದ್ದೆಗೇ ಹೋಗುತ್ತವೆ. ದೋಣಿಯಲ್ಲಿ ಕೂತು ಚಿಕ್ಕಂದಿನಿಂದ ನೋಡುತ್ತಿದ್ದೇನೆ.”

ಅಧಿಕಾರಿ ಕಾಗದ ತಿರುವಿದರು. “ಸಮೀಕ್ಷೆಯ ತಂಡಕ್ಕೆ ಸ್ಥಳೀಯ ಮಾರ್ಗದರ್ಶಕ ಎಂದು ನಿಮ್ಮ ಹೆಸರೇ ಇದೆಯಲ್ಲ?”

“ಹೌದು.”

“ಹನ್ನೆರಡು ಭೇಟಿಗೂ ನೀವು ಜೊತೆಗಿದ್ದಿರಿ. ಆಗ ಹಕ್ಕಿ ಇತ್ತೇ?”

ಆ ಹನ್ನೆರಡು ದಿನಗಳು ಯಾವುವು ಎಂದು ಪದ್ಮಾಕರನಿಗೆ ಹೊಳೆದದ್ದು ಆ ಗಳಿಗೆಯಲ್ಲಿ. ತಿರುಗಿ ನನ್ನ ಕಡೆ ನೋಡಿದ. ಐದು ಸಲ ನಾನು ಒಬ್ಬನೇ ಬಂಡಿಗೆ ಹೋಗಿ ಎಣಿಸಿದ್ದೆ, ಅವನಿಗೆ ಒಂದು ಮಾತು ಹೇಳಿರಲಿಲ್ಲ. ತಪ್ಪೊಪ್ಪಿಕೊಳ್ಳಲು ನಾಚಿಕೆ. ಅವನು ಮೆಲ್ಲಗೆ, “ಇರಲಿಲ್ಲ” ಎಂದು ಕೂತುಬಿಟ್ಟ.

ನಾನು ಎದ್ದೆ. ಹೆಸರು, ಹುದ್ದೆ ಹೇಳಿದೆ. ಪರದೆಯ ಮೇಲಿರುವ ವಾಕ್ಯ ಬರೆದವನು ನಾನೇ, ಆ ಸೊನ್ನೆಗಳು ತಪ್ಪು, ಹನ್ನೆರಡೂ ಭೇಟಿ ಸಣ್ಣ ಉಬ್ಬರದ ದಿನ ಬಿದ್ದಿವೆ, ತಪ್ಪು ಗೈಡಿನದಲ್ಲ, ನನ್ನದು, ದಯವಿಟ್ಟು ಒಂಬತ್ತನೇ ಅನುಬಂಧ ಓದಿ ಎಂದೆ. ಸಭೆಯಲ್ಲಿ ಗುಜುಗುಜು ಎದ್ದಿತು.

“ಸಹಿ ನಿಮ್ಮದೇ ತಾನೆ?” ಎಂದರು ಅಧಿಕಾರಿ.

“ಹೌದು.”

“ಈಗ ಹೇಳುತ್ತಿರುವುದು ಕಂಪನಿಯ ಪರವಾಗಿಯೋ?”

ಮುಂದಿನ ಸಾಲಿನಲ್ಲಿದ್ದ ಮೇಡಂ ಹಿಂತಿರುಗಿ ನೋಡಲಿಲ್ಲ. “ಇಲ್ಲ” ಎಂದೆ.

“ಸರಿ. ವೈಯಕ್ತಿಕ ಅಭಿಪ್ರಾಯ ಎಂದು ಬರೆದುಕೊಳ್ಳಿ” ಎಂದು ಅವರು ಗುಮಾಸ್ತರಿಗೆ ಹೇಳಿ ಮುಂದಿನ ಹೆಸರು ಕೂಗಿದರು. ವರ್ಷವಿಡೀ ತಪ್ಪಾಗಿ ನೋಡಿದ್ದು ವಿಜ್ಞಾನ, ಕಣ್ಣಾರೆ ಸರಿಯಾಗಿ ನೋಡಿದ್ದು ಅಭಿಪ್ರಾಯ. ಅಲ್ಲೇ ಕಿರುಚಬೇಕು ಅನ್ನಿಸಿತು. ಯಾರ ಮೇಲೆ ಕಿರುಚುವುದು? ಅವರು ಓದುತ್ತಿದ್ದುದು ನಾನೇ ಬರೆದು ಕೊಟ್ಟ ಕಾಗದವನ್ನು.

ಹೊರಗೆ ಚಪ್ಪಲಿ ಹುಡುಕುತ್ತಿದ್ದಾಗ ಪದ್ಮಾಕರ್ ಪಕ್ಕಕ್ಕೆ ಬಂದ. ಜಗಳ ಮಾಡುತ್ತಾನೆ ಎಂದುಕೊಂಡಿದ್ದೆ, ಮಾಡಿದ್ದರೆ ಚೆನ್ನಾಗಿತ್ತು.

“ಅಣ್ಣಾ, ನೀವು ಎಣಿಸುವುದು ಖಾಡಿಯ ಹಕ್ಕಿ ಅಂತಲೇ ನಾನು ತಿಳಿದಿದ್ದೆ. ದುರ್ಬೀನು ಯಾವಾಗಲೂ ಆ ಕಡೆಗೇ ಇರುತ್ತಿತ್ತು. ಗದ್ದೆಯಲ್ಲಿ ಹಕ್ಕಿ ಯಾವಾಗ ಬರುತ್ತದೆ ಅಂತ ಒಂದು ಮಾತು ಕೇಳಿದ್ದರೆ ಉಧಾಣದ ಒಂದು ದಿನ ಬಲೆ ಬಿಟ್ಟು ಬರುತ್ತಿದ್ದೆ. ನಮ್ಮದೇ ಗದ್ದೆ ಅಲ್ಲವೇ. ನೀವು ಕೇಳಲೇ ಇಲ್ಲ.”

ಅನುಮತಿ ಜೂನಿನಲ್ಲಿ ಬಂತು. ಹಲವು ಷರತ್ತುಗಳ ನಡುವೆ ಒಂದು ಹೀಗಿತ್ತು: ಕಾಮಗಾರಿ ಮುಗಿದ ಮೇಲೆ ತಿಂಗಳಿಗೊಮ್ಮೆ ಹಕ್ಕಿಗಳ ಸಮೀಕ್ಷೆ ಮಾಡತಕ್ಕದ್ದು. ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ಗೊತ್ತಾಗಲಿಲ್ಲ. ಮಳೆ ಮುಗಿದ ಕೂಡಲೇ ಡಂಪರುಗಳು ಕೆಂಪು ಮುರ್ರಂ ಮಣ್ಣು ಸುರಿಯತೊಡಗಿದವು. ಪದ್ಮಾಕರನ ಕಿಂಡಿ ಮೊದಲ ವಾರದಲ್ಲೇ ಮುಚ್ಚಿತು. ಮಹಾದೇವಿಯ ಸಂಸಾರ ಶಹಾಡ್ ಕಡೆಯ ಬೇರೆ ಸೈಟಿಗೆ ಹೋಯಿತಂತೆ. ನಾನು ಆ ಕಂಪನಿ ಬಿಟ್ಟೆ. ಅವರು ಕಳಿಸಲಿಲ್ಲ, ನನಗೇ ಅಲ್ಲಿ ಕೂರಲು ಆಗಲಿಲ್ಲ. ಈಗ ಬೇರೊಂದು ಕಡೆ ಅದೇ ಕೆಲಸ ಮಾಡುತ್ತಿದ್ದೇನೆ.

ವೃತ್ತಿ ಕಲಿಸಿದ್ದೇನು ಎಂದು ಕೇಳಿದರೆ ಹೇಳುವುದು ಇಷ್ಟೇ. ಯಾವುದೇ ಜಾಗಕ್ಕೆ ಹೋದರೂ ದಾರಿ ತೋರಿಸುವವನನ್ನು ಈಗ ಮೊದಲು ಕೇಳುತ್ತೇನೆ: ನಿನಗೆ ಬರಲಾಗದ ದಿನಗಳು ಯಾವುವು? ಆ ದಿನಗಳಿಗೆ ಬೇರೆಯವರನ್ನು ಹುಡುಕಿಕೊಂಡು ಹೋಗುತ್ತೇನೆ. ಅಲ್ಲೇ ಬದುಕುವವರ ಶೆಡ್ಡಿನ ಮುಂದೆ ಮೊದಲ ದಿನವೇ ಕೂತು ಮಾತಾಡುತ್ತೇನೆ. ಸೊನ್ನೆ ಬರೆಯಬೇಕಾಗಿ ಬಂದರೆ ಪಕ್ಕದಲ್ಲಿ ಗಂಟೆ, ತಿಥಿ, ನೀರಿನ ಎತ್ತರ ಬರೆಯುತ್ತೇನೆ. ಫಾರ್ಮಿನಲ್ಲಿ ಜಾಗವಿಲ್ಲ ಎಂದರೆ ಅಂಚಿನಲ್ಲಿ ಬರೆಯುತ್ತೇನೆ. ಇದರಿಂದ ಆಫೀಸಿನಲ್ಲಿ ಎಲ್ಲರಿಗೂ ಕಿರಿಕಿರಿ. ಆಗಲಿ.

ಮಣ್ಣು ತುಂಬಿ ಮುಗಿದ ಮೇಲೆ, ಕಳೆದ ಜನವರಿಯ ಹುಣ್ಣಿಮೆಗೆ ಒಮ್ಮೆ ಹೋಗಿದ್ದೆ. ಗದ್ದೆ ಇದ್ದಲ್ಲಿ ಕೆಂಪು ಬಯಲು, ಅದರ ಮೇಲೆ ರೋಲರ್ ಓಡುತ್ತಿತ್ತು. ಬೇಲಿಯ ಹೊರಗೆ ನಿಂತೆ. ಹನ್ನೆರಡಕ್ಕೆ ಸ್ವಲ್ಪ ಮುಂಚೆ ಖಾಡಿ ತುಂಬಿತು, ಹಕ್ಕಿಗಳು ಎದ್ದವು, ಅದೇ ದಾರಿಯಲ್ಲಿ ಬಂದವು. ಕೆಳಗಿಳಿದು ನೆಲದ ಹತ್ತಿರ ಬಂದಾಗ ರೋಲರ್ ಎದುರಾಗಿ ಮೇಲೆದ್ದವು. ಮತ್ತೆ ಸುತ್ತಿ ಬಂದವು, ಮತ್ತೆ ಎದ್ದವು. ಕೆಳಗೆ ಎಲ್ಲಿ ನೋಡಿದರೂ ನೀರು ಇಲ್ಲವೇ ಯಂತ್ರ. ಖಾಡಿಯ ಮೇಲೆ ಹೋಗಿ, ಬಯಲಿನ ಮೇಲೆ ಬಂದು, ಹೀಗೇ ಸುತ್ತುತ್ತಲೇ ಇದ್ದವು. ಇಂಥ ಹಾರಾಟದಲ್ಲಿ ಲೆಕ್ಕ ಸಿಗುವುದಿಲ್ಲ, ಎಣಿಸುವ ಪ್ರಯತ್ನವನ್ನೂ ಮಾಡಲಿಲ್ಲ. ಮೊದಲ ಕೆಸರಿನ ಪಟ್ಟಿ ನೀರಿನಿಂದ ಮೇಲೆ ಬಂದ ಕೂಡಲೇ ಅಷ್ಟೂ ಹಕ್ಕಿಗಳು ಅದರ ಮೇಲೆ ಒತ್ತೊತ್ತಾಗಿ ಇಳಿದವು. ಗಡಿಯಾರ ನೋಡಿದೆ. ಎಂಬತ್ತೆರಡು ನಿಮಿಷ ಅವು ಕಾಲೂರದೆ ಹಾರಿದ್ದವು.